ದೋಣಿಯ ಹಳೆ ಎಂಜಿನ್: ಬಿಚ್ಚಿ ಕಟ್ಟಿಸುವುದೋ, ಹೊಸದು ತರುವುದೋ?

ಬೇಸಿಗೆ ಬಂತೆಂದರೆ ಆಲಮಟ್ಟಿ ಹಿನ್ನೀರು ಸರಿದು ಹೋಗುತ್ತದೆ, ದೋಣಿಗಳು ಕೆಸರಿನ ಮೇಲೆ ಕೂರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಮತ್ತೆ ನೀರು ಏರುವ ತನಕ ಕೆಲಸ ಕಡಿಮೆ. ದೋಣಿಯ ಹಿಂಬದಿ ಹಲಗೆಗೆ ಕಟ್ಟುವ ಹಳೆಯ ಔಟ್‌ಬೋರ್ಡ್ ಎಂಜಿನ್ ಏನು ಮಾಡೋದು ಅಂತ ಯೋಚಿಸಲು ಇದೇ ಸರಿಯಾದ ಹೊತ್ತು. ನೀರು ಬಂದ ಮೇಲೆ ಎಂಜಿನ್ ಕೈಕೊಟ್ಟರೆ ಅವಸರಕ್ಕೆ ಬಿದ್ದು ಯಾರೋ ಹೇಳಿದ ಮಾತಿಗೆ ತಲೆಯಾಡಿಸಬೇಕಾಗುತ್ತದೆ.

ಬೀಳಗಿ ಕಡೆಯ ನಮ್ಮ ಕಾಕಾನಿಗೆ ಹಾಗೇ ಆಯಿತು. ಅವರದು 15 ಎಚ್‌ಪಿಯ, ಎರಡು ಸಿಲಿಂಡರಿನ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಎಂಜಿನ್. ಒಂದು ಮಳೆಗಾಲ ಹಗ್ಗ ಜಗ್ಗಿ ಜಗ್ಗಿ ಭುಜ ಊದಿಕೊಂಡರೂ ಅದು ಚಾಲೂ ಆಗಲಿಲ್ಲ. ಬಂದ ಮೆಕ್ಯಾನಿಕ್ ಮುಚ್ಚಳವನ್ನೂ ಪೂರ್ತಿ ತೆಗೆಯದೆ, "ಎಂಜಿನ್ ಮುಗೀತ್ರಿ ಕಾಕಾರ, ಹೊಸಾದ ತಗೋರಿ" ಅಂದುಬಿಟ್ಟ. ವಾರದ ನಂತರ ಇನ್ನೊಬ್ಬರು ಕಾರ್ಬೊರೇಟರ್ ಬಿಚ್ಚಿದರು. ಒಳಗೆ ಬೆಲ್ಲದ ಪಾಕದಂಥ ಹಳದಿ ಅಂಟು. ಅದನ್ನು ತೊಳೆದು, ಎರಡು ಪ್ಲಗ್ ಮತ್ತು ಪೆಟ್ರೋಲ್ ಪೈಪು ಬದಲಿಸಿದ್ದಷ್ಟೇ. ಆಮೇಲೆ ಎರಡು ವರ್ಷ ಓಡಿತು.

ಅದಕ್ಕೇ ಹೇಳುತ್ತೇನೆ, ಅಳೆದು ನೋಡುವ ತನಕ ಯಾವ ಎಂಜಿನ್ನೂ ಸತ್ತಿಲ್ಲ.

ಮೊದಲು ಸಣ್ಣ ಕಾಯಿಲೆ ನೋಡಿ

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲೂ ತಯಾರಾಗುವ ಎಥೆನಾಲ್ ಅದು. ಕಾರು, ಬೈಕು ದಿನಾ ಓಡುವುದರಿಂದ ಅಷ್ಟು ತೊಂದರೆಯಿಲ್ಲ. ದೋಣಿ ಎಂಜಿನ್ ತಿಂಗಳುಗಟ್ಟಲೆ ಸುಮ್ನೆ ನಿಂತಿರುತ್ತದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಹಾಗಾಗಿ ಮೊದಲು ಹಳೆ ಪೆಟ್ರೋಲ್ ಚೆಲ್ಲಿ, ಕಾರ್ಬೊರೇಟರ್ ತೊಳೆಸಿ, ಪೈಪು, ಫಿಲ್ಟರ್, ಪ್ಲಗ್ ಬದಲಿಸಿ. ಇಷ್ಟು ಮಾಡಿದ ಮೇಲೂ ದಮ್ಮಿಲ್ಲದಿದ್ದರೆ ಮುಂದಿನ ಪರೀಕ್ಷೆ.

ಕಂಪ್ರೆಶನ್ ಅಳೆಯಿರಿ

ಕಂಪ್ರೆಶನ್ ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿದಾಗ ಏರುವ ಒತ್ತಡ. ಅಳೆಯಲು ಬೈಕ್ ಗ್ಯಾರೇಜಿನಲ್ಲಿ ಇರುವ ಕಂಪ್ರೆಶನ್ ಗೇಜೇ ಸಾಕು, ಪ್ಲಗ್ಗಿನ ಚೂಡಿಗೆ ಕೂರಬೇಕು ಅಷ್ಟೆ. ಎಂಜಿನ್ ನ್ಯೂಟ್ರಲ್‌ನಲ್ಲಿರಲಿ. ಎಲ್ಲ ಪ್ಲಗ್ ಬಿಚ್ಚಿ, ಅವುಗಳ ವೈರನ್ನು ಎಂಜಿನ್ ಮೈಗೆ ಅರ್ಥ್ ಮಾಡಿ. ಇಲ್ಲದಿದ್ದರೆ ಕಿಡಿ ಹಾರಿ ಪೆಟ್ರೋಲ್ ಆವಿಗೆ ಬೆಂಕಿ ತಗಲಬಹುದು, ಇಗ್ನಿಷನ್ ಕಾಯಿಲ್ ಸುಡಲೂಬಹುದು. ಎಕ್ಸಲರೇಟರ್ ಪೂರ್ತಿ ತೆರೆದು, ಮುಳ್ಳು ಮೇಲೇರುವುದು ನಿಲ್ಲುವ ತನಕ ಐದಾರು ಸಲ ಹಗ್ಗ ಜಗ್ಗಿ. ಪ್ರತಿ ಸಿಲಿಂಡರಿನ ಅಂಕಿ ಬರೆದಿಟ್ಟುಕೊಳ್ಳಿ.

ಎಷ್ಟಿರಬೇಕು ಅನ್ನುವುದು ಆಯಾ ಎಂಜಿನ್ನಿನ ಪುಸ್ತಕದಲ್ಲಿರುತ್ತದೆ. ಪುಸ್ತಕ ಕಳೆದಿದ್ದರೂ ಚಿಂತೆ ಬೇಡ, ಸಿಲಿಂಡರುಗಳನ್ನು ಒಂದಕ್ಕೊಂದು ಹೋಲಿಸಿ. ಒಂದು 115 ಪಿಎಸ್‌ಐ (ಗೇಜಿನಲ್ಲಿ ಒತ್ತಡದ ಅಳತೆ), ಇನ್ನೊಂದು 110 ಇದ್ದರೆ ಒಳಗೆಲ್ಲ ಚೆನ್ನಾಗಿದೆ. ಒಂದು 115, ಇನ್ನೊಂದು 80 ಅಂದರೆ ಆ ಸಿಲಿಂಡರಿನಲ್ಲಿ ಗಾಯ ಇದೆ. ಶೇ 10ರಿಂದ 15ಕ್ಕಿಂತ ಜಾಸ್ತಿ ವ್ಯತ್ಯಾಸವನ್ನು ಕಡೆಗಣಿಸಬೇಡಿ.

ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಮೇಲೇರಿದರೆ ಪಿಸ್ಟನ್ನಿನ ರಿಂಗ್ ಇಲ್ಲವೇ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆದಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಟೂ-ಸ್ಟ್ರೋಕ್ ಆದರೆ ಪಿಸ್ಟನ್ ತೂತಾಗಿರಬಹುದು, ಫೋರ್-ಸ್ಟ್ರೋಕ್ ಆದರೆ ವಾಲ್ವ್ ಕೂಡ ಸೋರುತ್ತಿರಬಹುದು. ಗ್ಯಾಸ್ಕೆಟ್ ಅರ್ಧ ದಿನದ ಕೆಲಸ. ಬೋರ್ ಹಾಗಲ್ಲ, ಸಿಲಿಂಡರನ್ನು ಒಳಗಿಂದ ಕೊರೆದು ಅಗಲ ಮಾಡಿಸಬೇಕು, ಅದೇ ಬೋರಿಂಗ್.

ನೀರೊಳಗಿನ ಭಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ಹಿನ್ನೀರಿನಲ್ಲಿ ಓಡಿದ ಎಂಜಿನ್ನಿಗೆ ಪೆಟ್ಟು ಬೀಳುವುದೇ ಇಲ್ಲಿ. ನೀರು ಇಳಿದಾಗ ಮುಳುಗಡೆ ಊರಿನ ಗೋಡೆ, ಜಾಲಿ ಮರದ ಬೊಡ್ಡೆ ಪ್ರೊಪೆಲ್ಲರಿಗೆ ತಾಗುತ್ತವೆ. ಇನ್ನೊಂದು ಶತ್ರು ಮೀನಿನ ಬಲೆ. ನೈಲಾನ್ ಎಳೆ ಪ್ರೊಪೆಲ್ಲರ್ ಹಿಂದೆ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕತ್ತರಿಸುತ್ತದೆ. ಅಲ್ಲಿಂದ ಗೇರ್ ಬಾಕ್ಸಿಗೆ ನೀರು ಇಳಿಯುತ್ತದೆ.

ರಾತ್ರಿ ಎಂಜಿನ್ ನೆಟ್ಟಗೆ ನಿಲ್ಲಿಸಿಡಿ. ಬೆಳಿಗ್ಗೆ ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಮೆಲ್ಲಗೆ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಕೂತಿದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಆಯಿಲ್ ಹಾಲು ಹಾಕಿದ ಚಹಾದಂತಿದ್ದರೆ ಸೀಲ್ ಹೋಗಿದೆ. ಸೀಲ್ ಅಗ್ಗ, ಅದಕ್ಕೆ ಹೆದರಬೇಡಿ. ಆಯಿಲನ್ನು ಬೆರಳುಗಳ ನಡುವೆ ಉಜ್ಜಿ ನೋಡಿ. ಕಾಡಿಗೆಯಂಥ ನುಣುಪು ಇದ್ದರೆ ಸಾಮಾನ್ಯ ಸವೆತ. ಚುಚ್ಚುವ ಚೂರು ಸಿಕ್ಕರೆ ಗೇರಿನ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಗೇರ್ ಸೆಟ್ ಬಲು ದುಬಾರಿ. ಮೇಲೆ ಬೋರಿಂಗ್, ಕೆಳಗೆ ಗೇರ್ ಸೆಟ್, ಎರಡೂ ಬೇಕು ಅಂತಾದರೆ ನಾನಂತೂ ಹೊಸದನ್ನೇ ತರುತ್ತೇನೆ.

ಆಮೇಲೆ ಪ್ಲಗ್ ವೈರ್ ತೆಗೆದಿಟ್ಟು, ಪ್ರೊಪೆಲ್ಲರ್ ಶಾಫ್ಟಿನ ತುದಿಗೆ ಒಂದು ಕಡ್ಡಿ ಹಿಡಿದು ಕೈಯಿಂದ ತಿರುಗಿಸಿ. ಕಡ್ಡಿಗೂ ಶಾಫ್ಟಿಗೂ ನಡುವಿನ ಸಂದು ಹೆಚ್ಚುಕಡಿಮೆ ಆಗುತ್ತಿದ್ದರೆ ಶಾಫ್ಟ್ ಬಾಗಿದೆ. ಬಾಗಿದ ಶಾಫ್ಟಿಗೆ ಎಷ್ಟು ಹೊಸ ಸೀಲ್ ಹಾಕಿದರೂ ನಿಲ್ಲುವುದಿಲ್ಲ.

ಸುಟ್ಟಿದ್ದು ಯಾಕೆ?

ಪಿಸ್ಟನ್ ಸುಟ್ಟಿದೆ ಅಂತಾದರೆ ಕಾರಣ ಸಿಗುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಮಳೆಗಾಲದ ಕೃಷ್ಣೆ, ಘಟಪ್ರಭೆಯ ಕೆಂಪು ನೀರಿನಲ್ಲಿ ರೇವೆ ಜಾಸ್ತಿ. ಅದು ಎಂಜಿನ್ ತಂಪು ಮಾಡುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರನ್ನು ಸವೆಸುತ್ತದೆ. ಎಂಜಿನ್ ಪಕ್ಕದಿಂದ ಚಿಮ್ಮುವ ನೀರಿನ ಎಳೆ ಸಣ್ಣಗಾಗಿತ್ತೇ, ನೆನಪು ಮಾಡಿಕೊಳ್ಳಿ. ಇನ್ನೊಂದು ಕಾರಣ ಆಯಿಲ್ ಲೆಕ್ಕ ತಪ್ಪುವುದು. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲ್ 50ಕ್ಕೆ ಆಯಿಲ್ 1 ಅಂದರೆ ಲೀಟರಿಗೆ 20 ಎಂಎಲ್. ಹಳೆಯ ಕೆಲವು ಎಂಜಿನ್ನಿಗೆ 25ಕ್ಕೆ 1 ಬೇಕು, ಅಂದರೆ 40 ಎಂಎಲ್. ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ.

ಲೆಕ್ಕ ಹಾಕುವುದು

ಬಿಡಿಭಾಗ, ಬೋರಿಂಗ್, ಕೂಲಿ, ಸಾಗಣೆ, ದೋಣಿ ನಿಂತ ದಿನಗಳ ನಷ್ಟ, ಎಲ್ಲವನ್ನೂ ಬರೆಯಿರಿ. ಒಟ್ಟು ಮೊತ್ತ ಹೊಸ ಎಂಜಿನ್ ಬೆಲೆಯ ಅರ್ಧ ದಾಟಿದರೆ ಹಳೆಯದನ್ನು ಬಿಡುವುದು ವಾಸಿ.

ಪೆಟ್ರೋಲ್ ಲೆಕ್ಕವನ್ನೂ ಸೇರಿಸಿ. ಉದಾಹರಣೆಗೆ ನಿಮ್ಮ ಹಳೆ ಟೂ-ಸ್ಟ್ರೋಕಿಗಿಂತ ಹೊಸ ಫೋರ್-ಸ್ಟ್ರೋಕ್ ಗಂಟೆಗೆ ಒಂದು ಲೀಟರ್ ಕಡಿಮೆ ಕುಡಿಯುತ್ತದೆ ಅನ್ನಿ. ದಿನಕ್ಕೆ 5 ಗಂಟೆ, ವರ್ಷಕ್ಕೆ 150 ದಿನ ಓಡಿಸಿದರೆ 750 ಲೀಟರ್ ಉಳಿತಾಯ. ದಿನಾ ಜನ ದಾಟಿಸುವವರಿಗೆ ಇದು ದೊಡ್ಡ ಮೊತ್ತ. ವಾರಕ್ಕೊಮ್ಮೆ ಬಲೆ ಹಾಕಲು ಹೋಗುವವರಿಗೆ ಏನೂ ಅಲ್ಲ, ಅಂಥವರು ಹಳೆಯದನ್ನು ಕಟ್ಟಿಸಿಕೊಳ್ಳುವುದೇ ಸರಿ.

ಕರಾವಳಿ ಕಡೆಯಿಂದ ಸೆಕೆಂಡ್‌ಹ್ಯಾಂಡ್ ತರುವ ಆಸೆ ಹಲವರಿಗೆ. ನನಗೆ ಅದು ಸೇರುವುದಿಲ್ಲ. ಉಪ್ಪುನೀರು ಎಂಜಿನ್ನಿನ ನೀರಿನ ದಾರಿಗಳನ್ನು ಒಳಗಿಂದ ತಿಂದಿರುತ್ತದೆ, ಬೋಲ್ಟುಗಳು ಹಿಡಿದುಕೊಂಡು ಬಿಚ್ಚುವಾಗ ಮುರಿಯುತ್ತವೆ. ಮೇಲೆ ಬಣ್ಣ ಹೊಡೆದರೆ ಏನೂ ಕಾಣುವುದಿಲ್ಲ. ಸಿಹಿನೀರಿನಲ್ಲಿ ಓಡಿದ ನಮ್ಮ ಎಂಜಿನ್ ನೋಡಲು ಹಳೆಯದಾದರೂ ಬೋಲ್ಟು ಸಲೀಸಾಗಿ ಬರುತ್ತದೆ. ಅದನ್ನು ಕಟ್ಟಿಸಲು ಧೈರ್ಯವಾಗಿ ಮುಂದಾಗಬಹುದು.

ತೀರ್ಮಾನ ಆದ ಮೇಲೆ

ಕಟ್ಟಿಸುವುದಾದರೆ ಅಗಲವಾದ ಬೋರಿಗೆ ಕೂರುವ ಓವರ್‌ಸೈಜ್ ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಹೊಡೆಸಬೇಡಿ. ಬೋರ್ ಆಗಿಹೋಗಿ ಆ ಸೈಜಿನ ಪಿಸ್ಟನ್ ಸಿಗದಿದ್ದರೆ ಬ್ಲಾಕೇ ದಂಡ. ಪಿಸ್ಟನ್ ತಗೊಂಡು ಹೋಗಿ, ಅದರ ಅಳತೆಗೆ ಹೊಡೆಸಿ. ಬಿಚ್ಚಿದ ಹಳೆ ಭಾಗಗಳನ್ನೆಲ್ಲ ವಾಪಸ್ ಕೇಳಿ ಇಸಿದುಕೊಳ್ಳಿ.

ಹೊಸದಾದರೆ ದೋಣಿಯ ಹಿಂಬದಿ ಹಲಗೆಯ ಎತ್ತರ ಅಳೆದುಕೊಂಡು ಅಂಗಡಿಗೆ ಹೋಗಿ. ಶಾರ್ಟ್ ಶಾಫ್ಟ್ ಅಂದರೆ ಸುಮಾರು 15 ಇಂಚು, ಲಾಂಗ್ ಅಂದರೆ 20 ಇಂಚು. ಫೋರ್-ಸ್ಟ್ರೋಕ್ ಸಾಮಾನ್ಯವಾಗಿ ತೂಕ ಜಾಸ್ತಿ, ಹಲಗೆ ಕೊಳೆತಿದ್ದರೆ ಮೊದಲು ಅದನ್ನು ಬದಲಿಸಿ.

ಹಳೆಯದನ್ನು ಮಾತ್ರ ಗುಜರಿಗೆ ಹಾಕಬೇಡಿ. ಅದೇ ಮಾಡೆಲ್ ಇಟ್ಟುಕೊಂಡವರು ನಿಮ್ಮ ದಂಡೆಯಲ್ಲೇ ಇನ್ನೊಬ್ಬರು ಇರುತ್ತಾರೆ. ಕಾರ್ಬೊರೇಟರ್, ಕಾಯಿಲ್, ಹಗ್ಗದ ಸ್ಟಾರ್ಟರ್, ಒಳ್ಳೆಯ ಪ್ರೊಪೆಲ್ಲರ್ ಇದ್ದರೆ ಅವರಿಗೆ ಅವು ಬೇಕೇ ಬೇಕು. ಕಾಕಾನ ಎಂಜಿನ್ ಕೊನೆಗೆ ನಿಂತಾಗ ಅದರ ಗೇರ್ ಬಾಕ್ಸು ಪಕ್ಕದ ಊರಿನ ದೋಣಿಗೆ ಹೋಯಿತು. ಈಗಲೂ ಓಡುತ್ತಿದೆ.