ಶಿಕ್ಷಕರ ಮೇಲೆ ಪೋಷಕರ ದೂರು: ಯಾವುದನ್ನು ಕೂತು ಬಗೆಹರಿಸಬೇಕು, ಯಾವುದನ್ನು ಶಾಲೆಯೊಳಗೆ ಮುಗಿಸಕೂಡದು

ಹಾಸನ ಜಿಲ್ಲೆಯ ಯಾವ ಪ್ರೌಢಶಾಲೆಯಲ್ಲಿ ಕೇಳಿದರೂ ಶಿಕ್ಷಕರ ಮೇಲೆ ಬರುವ ದೂರುಗಳು ಬಹುಪಾಲು ಒಂದೇ ಬಗೆಯವು. ಮಗುವಿಗೆ ಹೊಡೆದರು, ಎಲ್ಲರ ಮುಂದೆ ಬೈದರು, ಆಂತರಿಕ ಅಂಕ ಕಡಿಮೆ ಕೊಟ್ಟರು, ಪಾಠ ಮುಗಿಸಿಲ್ಲ, ತರಗತಿಯಲ್ಲಿ ಮೊಬೈಲ್ ನೋಡುತ್ತಾರೆ, ಟ್ಯೂಷನ್‌ಗೆ ಬರುವವರನ್ನೇ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಸಂಜೆ ಹೊತ್ತು ಮುಳುಗುವವರೆಗೂ ಬಿಡುವುದಿಲ್ಲ. ದೂರು ಹೊಸದಲ್ಲ, ಅದನ್ನು ನಿಭಾಯಿಸುವಾಗ ಶಾಲೆಗಳಲ್ಲಿ ಆಗುವ ತಪ್ಪೂ ಹೊಸದಲ್ಲ. ಮೂರು ಅಂಕದ ಅಸಮಾಧಾನಕ್ಕೆ ನೋಟಿಸು, ಲಿಖಿತ ವಿವರಣೆ, ಸಮಿತಿಯ ಸಭೆ ಎಂದು ದೊಡ್ಡ ವಿಚಾರಣೆಯೇ ನಡೆಯುತ್ತದೆ. ಮಗುವಿನ ಮೇಲೆ ಕೈಮಾಡಿದ ಪ್ರಕರಣದಲ್ಲಿ ಮಾತ್ರ ಊರಿನ ನಾಲ್ಕು ಜನರನ್ನು ಕೂರಿಸಿ ರಾಜಿ ಮಾಡಿಸಿ ಕಳಿಸಲಾಗುತ್ತದೆ. ನಡೆಯಬೇಕಾದದ್ದು ಇದಕ್ಕೆ ತದ್ವಿರುದ್ಧ. ಆದ್ದರಿಂದ ದೂರು ಬಂದಾಗ ಮುಖ್ಯ ಶಿಕ್ಷಕರು ಮೊದಲು ತೀರ್ಮಾನಿಸಬೇಕಾದದ್ದು ತಪ್ಪು ಯಾರದು ಎಂಬುದನ್ನಲ್ಲ, ಬಂದಿರುವ ದೂರು ಯಾವ ಬಗೆಯದು ಎಂಬುದನ್ನು.

ದೂರು ತೆಗೆದುಕೊಳ್ಳುವಾಗ

ಸಕಲೇಶಪುರ, ಆಲೂರು, ಬೇಲೂರು ಸೀಮೆಯಲ್ಲಿ ನವೆಂಬರ್ ಕಳೆದರೆ ಕಾಫಿ ಕೊಯ್ಲು. ತೋಟದ ಲೈನ್ ಮನೆಯಿಂದ ಬರುವ ತಾಯಿ ಆ ದಿನದ ಕೂಲಿಯನ್ನು ಕಳೆದುಕೊಂಡೇ ಶಾಲೆಗೆ ಬಂದಿರುತ್ತಾಳೆ. ಅಂಥವರಿಗೆ "ಮೀಟಿಂಗ್ ಇದೆ, ನಾಳೆ ಬನ್ನಿ" ಎಂದರೆ ಅವರು ನಾಳೆ ಬರುವುದಿಲ್ಲ. ಬಂದರೂ ಪಂಚಾಯಿತಿ ಸದಸ್ಯರನ್ನೋ ಸಂಘಟನೆಯವರನ್ನೋ ಜೊತೆಗೆ ಕರೆದುಕೊಂಡೇ ಬರುತ್ತಾರೆ. ಬಂದ ದಿನವೇ, ಹತ್ತು ನಿಮಿಷವಾದರೂ ಸರಿ, ಕುರ್ಚಿ ಕೊಟ್ಟು ಕೂರಿಸಿ ಕೇಳಿಸಿಕೊಳ್ಳಬೇಕು. ಪ್ರಾರ್ಥನೆಯ ಹೊತ್ತಿನಲ್ಲಿ ಅಂಗಳದಲ್ಲೇ ಮಾತು ಶುರುವಾದರೆ ಒಳಗೆ ಕರೆದುಕೊಂಡು ಹೋಗಬೇಕು, ಏಕೆಂದರೆ ಮುನ್ನೂರು ಮಕ್ಕಳ ಮುಂದೆ ಆಡಿದ ಮಾತನ್ನು ಪೋಷಕರಾಗಲಿ ಶಿಕ್ಷಕರಾಗಲಿ ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲಾರರು.

ಆ ಗಳಿಗೆಯಲ್ಲಿ ಶಿಕ್ಷಕರನ್ನು ಕರೆಸಬಾರದು, ಮಗುವನ್ನಂತೂ ಕರೆಸಲೇಬಾರದು. "ಎಲ್ಲಿ, ಅವನನ್ನೇ ಕರೆಸಿ ಕೇಳೋಣ" ಎನ್ನುವುದು ನ್ಯಾಯವಾದ ಮಾತಿನಂತೆ ಕೇಳಿಸುತ್ತದೆ. ಆದರೆ ಮುಖ್ಯ ಶಿಕ್ಷಕರು, ಶಿಕ್ಷಕರು, ಅಪ್ಪ ಮೂವರೂ ಎದುರಿಗೆ ನಿಂತಾಗ ಒಂಬತ್ತನೇ ತರಗತಿಯ ಹುಡುಗ ಹೇಳುವುದು ತನಗೆ ಯಾರ ಭಯ ಹೆಚ್ಚೋ ಅವರಿಗೆ ಒಪ್ಪುವ ಉತ್ತರವನ್ನು. ಅವನ ಬದಲು ಪೋಷಕರನ್ನೇ ಕೇಳಬೇಕಾದ ಒಂದು ಪ್ರಶ್ನೆ ಇದೆ: "ಅಮ್ಮಾ, ನೀವು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತೇನೆ. ಇದರಲ್ಲಿ ನೀವೇ ಕಂಡಿದ್ದು ಯಾವುದು, ಮಗ ಹೇಳಿದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು?" ಈ ಪ್ರಶ್ನೆಯನ್ನು ಅನುಮಾನದ ದನಿಯಲ್ಲಿ ಕೇಳದೆ ಸಮಾಧಾನದಿಂದ ಕೇಳಿದರೆ ದೂರಿನ ಅರ್ಧದಷ್ಟು ಗೊಂದಲ ಅಲ್ಲೇ ತಿಳಿಯಾಗುತ್ತದೆ.

ಬರೆಯಲು ಬಾರದವರ ಹೇಳಿಕೆಯನ್ನು ಅವರದೇ ಮಾತಿನಲ್ಲಿ ಬರೆದುಕೊಂಡು, ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳಬೇಕು. "ಸದರಿ ಶಿಕ್ಷಕರು ಅನುಚಿತವಾಗಿ ವರ್ತಿಸಿರುತ್ತಾರೆ" ಎಂಬ ಕಚೇರಿಯ ಭಾಷೆಗೆ ಅದನ್ನು ತಿರುಗಿಸಬಾರದು. ತಾಯಿ ಹೇಳಿದ್ದು "ಕಿವಿ ಹಿಂಡಿದರು" ಎಂದಾದರೆ ಕಾಗದದ ಮೇಲೂ ಅದೇ ಇರಲಿ. ದಿನಾಂಕ ಹಾಕಿದ ಒಂದು ಪ್ರತಿ ಅವರ ಕೈಗೆ ಹೋಗಬೇಕು. ಬಾಯಿಮಾತಿನಲ್ಲೇ ಮುಗಿಯುವ ಸಣ್ಣ ಸಂಗತಿಗೆ ಇಷ್ಟೆಲ್ಲ ಬೇಕಾಗಿಲ್ಲ, ವಹಿಯಲ್ಲಿ ಒಂದು ಸಾಲು ಬರೆದರೆ ಸಾಕು.

ಮೂಗರ್ಜಿಗಳ ವಿಷಯದಲ್ಲಿ ಎಚ್ಚರ ಬೇಕು. ಹೆಸರಿಲ್ಲದ ಕಾಗದದ ಆಧಾರದ ಮೇಲೆ ಯಾರಿಗೂ ನೋಟಿಸು ಕೊಡಬಾರದು. ಆದರೆ ಅದರಲ್ಲಿ ಮಗುವಿನ ಸುರಕ್ಷತೆಯ ಮಾತಿದ್ದರೆ ಹೆಸರಿಲ್ಲವೆಂದು ಹರಿದು ಬಿಸಾಡಲೂಬಾರದು. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ದೂರಿಗೆ ಗುಂಪಿನಲ್ಲಿ ಉತ್ತರ ಕೊಡದೆ, ಬರೆದವರಿಗೆ ಫೋನ್ ಮಾಡಿ ಶಾಲೆಗೆ ಕರೆಯುವುದೇ ಸರಿಯಾದ ದಾರಿ.

ಶಾಲೆಯೊಳಗೆ ಮುಗಿಸಕೂಡದ ದೂರುಗಳು

ಲೈಂಗಿಕ ಸ್ವರೂಪದ ಯಾವುದೇ ದೂರು, ಅದು ಕೆಟ್ಟ ಮಾತಿರಲಿ, ಮುಟ್ಟಿದ್ದಿರಲಿ, ರಾತ್ರಿ ಹೊತ್ತು ಕಳಿಸಿದ ಅಶ್ಲೀಲ ಸಂದೇಶವಿರಲಿ, ಶಾಲೆಯ ವಿಚಾರಣೆಗೆ ಸೇರಿದ್ದಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯು 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಅಪರಾಧ ನಡೆದಿರಬಹುದೆಂದು ಯಾರಿಗೇ ತಿಳಿದುಬಂದರೂ ಪೊಲೀಸರಿಗೆ ವರದಿ ಮಾಡಬೇಕೆಂದು ಅದರ 19ನೇ ಕಲಂ ಹೇಳುತ್ತದೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ವರದಿ ಮಾಡದಿದ್ದರೆ 21ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. "ಮೊದಲು ನಿಜವೋ ಸುಳ್ಳೋ ನೋಡೋಣ, ಶಾಲೆಯ ಹೆಸರು ಹಾಳಾಗುತ್ತದೆ, ಹುಡುಗಿಯ ಭವಿಷ್ಯ ಇದೆ" ಎಂದು ಸಮಿತಿಯ ಹಿರಿಯರು ಹೇಳುವುದು ಸಾಮಾನ್ಯ. ಆ ಮಾತಿಗೆ ಒಪ್ಪಿ ಕಳೆದ ಪ್ರತಿ ದಿನವೂ ಮುಖ್ಯ ಶಿಕ್ಷಕರ ಲೆಕ್ಕಕ್ಕೇ ಬರುತ್ತದೆ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಬಾರದು, ಹೇಳಿಕೆ ಬರೆಸಬಾರದು, ಆರೋಪಿತರ ಮುಂದೆ ನಿಲ್ಲಿಸಬಾರದು, ಹೆಸರು ಹೊರಗೆ ಹೋಗದಂತೆ ನೋಡಿಕೊಳ್ಳಬೇಕು. ಪೊಲೀಸರಿಗೆ ಅದೇ ದಿನ ಲಿಖಿತ ಮಾಹಿತಿ ಕೊಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ವರದಿ ಮಾಡಬೇಕು. ಮಕ್ಕಳ ಸಹಾಯವಾಣಿ 1098 ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ನೆರವನ್ನೂ ಪಡೆಯಬಹುದು.

ಹೊಡೆತದ ದೂರು ಇದರ ನಂತರದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆ 6ರಿಂದ 14 ವರ್ಷದವರಿಗೆ ಮಾತ್ರ, ಒಂಬತ್ತು ಮತ್ತು ಹತ್ತನೇ ತರಗತಿಗೆ ಹೇಗೆ ಅನ್ವಯ ಎಂದು ವಾದಿಸುವ ಶಿಕ್ಷಕರಿದ್ದಾರೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ 18 ವರ್ಷದೊಳಗಿನ ಮಗುವಿನ ಮೇಲೆ, ಅದನ್ನು ನೋಡಿಕೊಳ್ಳುವ ಹೊಣೆ ಹೊತ್ತವರೇ ನಡೆಸುವ ಕ್ರೌರ್ಯಕ್ಕೆ ಮೂರು ವರ್ಷದವರೆಗಿನ ಸೆರೆವಾಸವನ್ನು ಹೇಳುತ್ತದೆ ಎಂಬುದನ್ನು ಅವರಿಗೆ ತಿಳಿಸಬೇಕು. ಗಾಯವಾಗಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ಉಳಿದ ಮಾತು. ಇನ್ನೊಂದು ಸಂಗತಿ: ಜೂನ್ ತಿಂಗಳಲ್ಲಿ ದಾಖಲಾತಿಗೆ ಬಂದಾಗ "ಎರಡು ಬಿಟ್ಟು ಬುದ್ಧಿ ಹೇಳಿ ಮೇಷ್ಟ್ರೇ" ಎಂದು ಹೇಳಿ ಹೋದ ತಂದೆಯೇ ಬಾಸುಂಡೆ ಕಂಡಾಗ ದೂರು ತರುತ್ತಾರೆ. ಶಿಕ್ಷಕರಿಗೆ ಇದು ಅನ್ಯಾಯವೆನ್ನಿಸುವುದು ಸಹಜ, ಆದರೆ ಹೊಡೆಯಲು ಅನುಮತಿ ಕೊಡುವ ಅಧಿಕಾರ ಆ ತಂದೆಗೂ ಇರಲಿಲ್ಲ.

ಜಾತಿ ಹೆಸರು ಹಿಡಿದು ಬೈದ ದೂರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಮಕ್ಕಳಿಂದಲೇ ಶೌಚಾಲಯ ತೊಳೆಸಿದ ದೂರು ಬಂದರೆ ಅದನ್ನೂ ರಾಜಿಗೆ ಒಯ್ಯಬಾರದು. 1989ರ ದೌರ್ಜನ್ಯ ತಡೆ ಕಾಯ್ದೆ ಇರುವುದು ಇಂಥ ಪ್ರಕರಣಗಳಿಗಾಗಿಯೇ. ಸಂಗತಿಯನ್ನು ಅದೇ ದಿನ ಮೇಲಧಿಕಾರಿಗಳಿಗೆ ಬರೆದು ತಿಳಿಸಬೇಕು, ಪೊಲೀಸರ ಬಳಿ ಹೋಗುವ ಪೋಷಕರನ್ನು ತಡೆಯಬಾರದು.

ಕೂತು ಬಗೆಹರಿಸಬಹುದಾದವು

ಉಳಿದ ದೂರುಗಳಲ್ಲಿ ಹೆಚ್ಚಿನವಕ್ಕೆ ದಾಖಲೆಯೇ ಉತ್ತರ. ಆಂತರಿಕ ಅಂಕವನ್ನೇ ನೋಡಿ. ಬಹುಕಾಲದಿಂದ ನಡೆದುಬಂದ 625 ಅಂಕಗಳ ಎಸ್‌ಎಸ್‌ಎಲ್‌ಸಿ ಲೆಕ್ಕದಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20ರಂತೆ 125 ಅಂಕಗಳನ್ನು ಶಾಲೆಯೇ ಕೊಡುತ್ತದೆ. ಐದರಲ್ಲಿ ಒಂದು ಪಾಲು ಶಿಕ್ಷಕರ ಕೈಯಲ್ಲಿರುವಾಗ ಪೋಷಕರು ಅದರ ಬಗ್ಗೆ ಕೇಳುವುದರಲ್ಲಿ ತಪ್ಪೇನಿದೆ? ಕೇಳುವ ಪ್ರಶ್ನೆ ಮಾತ್ರ ಹೆಚ್ಚಾಗಿ "ಪಕ್ಕದ ಮನೆ ಹುಡುಗನಿಗೆ 20, ನಮ್ಮವನಿಗೆ ಯಾಕೆ 16" ಎಂಬ ರೂಪದಲ್ಲಿರುತ್ತದೆ. ಪಕ್ಕದ ಮನೆಯವನ ದಾಖಲೆಯನ್ನು ತೋರಿಸಬಾರದು. ಇವರ ಮಗನ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ (ವರ್ಷದ ನಡುವೆ ಶಾಲೆಯೇ ನಡೆಸುವವು) ಅಂಕ, ಚಟುವಟಿಕೆಯ ಹಾಳೆಗಳು, ಕಿರು ಪರೀಕ್ಷೆಯ ಉತ್ತರಪತ್ರಿಕೆಗಳು ಇವನ್ನೆಲ್ಲ ಮೇಜಿನ ಮೇಲಿಟ್ಟು ಒಂದೊಂದಾಗಿ ತೋರಿಸಬೇಕು. ಕೂಡುವಲ್ಲಿ ತಪ್ಪಾಗಿದ್ದರೆ ಅಲ್ಲೇ ಒಪ್ಪಿಕೊಂಡು ತಿದ್ದಬೇಕು. ತೋರಿಸಲು ಏನೂ ಇಲ್ಲದಿದ್ದರೆ ದೂರಿನಲ್ಲಿ ಹುರುಳಿದೆ ಎಂದೇ ಅರ್ಥ.

ಎಲ್ಲರಿಗೂ ಕಣ್ಣು ಮುಚ್ಚಿ 19, 20 ಹಾಕುವ ಶಾಲೆಗಳಿಗೆ ಇಂಥ ದೂರು ಬರುವುದಿಲ್ಲ. ಮಕ್ಕಳಿಂದ ನಿಜವಾಗಿ ಕೆಲಸ ಮಾಡಿಸಿ, ಮಾಡದವನಿಗೆ 15 ಕೊಟ್ಟ ಶಿಕ್ಷಕಿಯ ಮೇಲೇ ದೂರು ಬರುತ್ತದೆ. ಅವರನ್ನು ಕೈಬಿಡಬಾರದು. ಆದರೆ ಅವರ ಕಡೆಯೂ ಒಂದು ಹೊಣೆಯಿದೆ. ಪ್ರತಿ ಮೌಲ್ಯಮಾಪನ ಮುಗಿದ ವಾರದೊಳಗೆ ಅಂಕವನ್ನು ಮಗುವಿಗೆ ತೋರಿಸಿ ಸಹಿ ಪಡೆದಿರಬೇಕು, ಮತ್ತು ಪರೀಕ್ಷಾ ಮಂಡಳಿಗೆ ಅಂಕಗಳನ್ನು ಆನ್‌ಲೈನ್‌ನಲ್ಲಿ ತುಂಬುವ ಮುನ್ನ ಪೋಷಕರ ಸಭೆಯಲ್ಲಿ ಒಮ್ಮೆ ತಿಳಿಸಿರಬೇಕು. ತುಂಬಿದ ಮೇಲೆ ಬಂದ ದೂರನ್ನು ಬಗೆಹರಿಸುವುದು ಬಹಳ ಕಷ್ಟ.

ಪಾಠ ಮುಗಿಸಿಲ್ಲವೆಂಬ ದೂರು ಬಂದಾಗ ಪಾಠಯೋಜನೆ, ದಿನಚರಿ ಮತ್ತು ಮಗುವಿನ ನೋಟ್‌ಬುಕ್ ಮೂರನ್ನೂ ಒಟ್ಟಿಗೆ ನೋಡಬೇಕು, ಏಕೆಂದರೆ ದಿನಚರಿಯಲ್ಲಿ ಮುಗಿದ ಪಾಠ ನೋಟ್‌ಬುಕ್‌ನಲ್ಲಿ ಶುರುವೇ ಆಗಿರದಿರಬಹುದು. ತಪ್ಪು ಶಿಕ್ಷಕರದ್ದಲ್ಲದಿರುವುದೂ ಉಂಟು. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಶಿಕ್ಷಕರು ಮನೆ ಮನೆ ತಿರುಗಿದರು, ಅದಕ್ಕಾಗಿ ದಸರಾ ರಜೆಯನ್ನೂ ವಿಸ್ತರಿಸಲಾಯಿತು. ಹೀಗೆ ಪಾಠ ಹಿಂದೆ ಬಿದ್ದಾಗ ಯಾವ ವಿಷಯ ಎಷ್ಟು ಹಿಂದಿದೆ, ಯಾವ ವಾರದಲ್ಲಿ ಸರಿದೂಗಿಸುತ್ತೇವೆ ಎಂದು ಮುಖ್ಯ ಶಿಕ್ಷಕರೇ ಮುಂಚಿತವಾಗಿ ಹೇಳಿಬಿಟ್ಟರೆ ದೂರು ಹುಟ್ಟುವುದೇ ಇಲ್ಲ. ಬೋಧನೆಯೇ ಸರಿಯಿಲ್ಲವೆನ್ನಿಸಿದರೆ ಉಪನಿರ್ದೇಶಕರ ಕಚೇರಿಯ ವಿಷಯ ಪರಿವೀಕ್ಷಕರನ್ನು ತರಗತಿಗೆ ಕರೆಸಬಹುದು. ಗಣಿತ ಬಾರದ ಮುಖ್ಯ ಶಿಕ್ಷಕರು ಗಣಿತ ಬೋಧನೆಯ ಬಗ್ಗೆ ತೀರ್ಪು ಕೊಡುವುದಕ್ಕಿಂತ ಇದು ಮೇಲು. ಖಾಸಗಿ ಟ್ಯೂಷನ್ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ: ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಅದನ್ನು ನಿಷೇಧಿಸಿದೆ.

ಇನ್ನು ಕೆಲವು ದೂರುಗಳು ಶಿಕ್ಷಕರ ಹೆಸರು ಹೊತ್ತು ಬಂದರೂ ಶಿಕ್ಷಕರ ಮೇಲಿನವಲ್ಲ. 2019ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೆ ಮೊದಲು ಬಂದ ಮೇಲೆ ಫಲಿತಾಂಶದ ನಿರೀಕ್ಷೆ ಏರಿತೇ ಹೊರತು ಇಳಿಯಲಿಲ್ಲ, ಅದರ ಜೊತೆಗೆ ಸಂಜೆಯ ವಿಶೇಷ ತರಗತಿಯೂ ಬಂತು. ಆದರೆ ಆಲೂರು, ಸಕಲೇಶಪುರ, ಬೇಲೂರಿನ ಎಷ್ಟೋ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಬಸ್ಸಿಳಿದು ತೋಟದ ದಾರಿಯಲ್ಲಿ ನಡೆಯುವುದೆಂದರೆ ಕಾಡಾನೆಯ ಭಯ. "ವಿಜ್ಞಾನದ ಮೇಡಂ ಹುಡುಗಿಯನ್ನು ಆರು ಗಂಟೆವರೆಗೂ ಇಟ್ಟುಕೊಳ್ಳುತ್ತಾರೆ" ಎಂದು ತಂದೆ ಸಿಟ್ಟಿನಿಂದ ಬಂದರೆ ಮೇಡಂ ಅವರಿಂದ ವಿವರಣೆ ಕೇಳುವುದು ವ್ಯರ್ಥ, ವೇಳಾಪಟ್ಟಿ ಮಾಡಿದವರು ಅವರಲ್ಲ. ಆ ದಾರಿಯ ಮಕ್ಕಳಿಗೆ ವಿಶೇಷ ತರಗತಿಯನ್ನು ಬೆಳಿಗ್ಗೆಗೆ ಬದಲಾಯಿಸಬೇಕು, ಅಥವಾ ಕೊನೆಯ ಬಸ್ಸಿನ ಹೊತ್ತಿಗೆ ಮುಗಿಸಬೇಕು.

ಶಿಕ್ಷಕರ ಜೊತೆಗಿನ ಮಾತು

ಇದನ್ನು ಸ್ಟಾಫ್ ರೂಮಿನಲ್ಲಿ ಮಾಡಬಾರದು. ಬಿಡುವಿನ ಅವಧಿಯಲ್ಲಿ ಒಬ್ಬರನ್ನೇ ಕರೆದು, ದೂರನ್ನು ಓದಿ ಹೇಳಿ, ಅವರು ಹೇಳುವುದನ್ನು ಪೂರ್ತಿಯಾಗಿ ಕೇಳಬೇಕು. ಲಿಖಿತ ದೂರಾದರೆ ಪ್ರತಿಯನ್ನು ಕೊಟ್ಟು ಉತ್ತರಕ್ಕೆ ಕೆಲವು ದಿನ ಸಮಯ ಕೊಡಬೇಕು. ಕಾರಣ ಕೇಳುವ ನೋಟಿಸನ್ನು ಬೆದರಿಕೆಯಾಗಿ ಬಳಸಬಾರದು. ಅದು ಸೇವಾ ದಾಖಲೆಗೆ ಹೋಗುವ ಕಾಗದವಾದ್ದರಿಂದ ಆರೋಪ ಯಾವುದು, ಯಾವ ದಿನದ್ದು ಎಂಬುದು ಸ್ಪಷ್ಟವಾಗಿದ್ದಾಗ ಮಾತ್ರ ಕೊಡಬೇಕು. ದೂರು ಬಂದ ಕೂಡಲೇ ಮರುದಿನದಿಂದ ಬರಬೇಡಿ ಎನ್ನಿಸಿಕೊಳ್ಳುವವರು ಅತಿಥಿ ಶಿಕ್ಷಕರು, ಏಕೆಂದರೆ ಅವರನ್ನು ಬಿಡಿಸುವುದು ಸುಲಭ. ಕಾಯಂ ಶಿಕ್ಷಕರಿಗೆ ಸಿಗುವ ಹೇಳಿಕೊಳ್ಳುವ ಅವಕಾಶ ಅವರಿಗೂ ಸಿಗಲೇಬೇಕು.

ಪೋಷಕರನ್ನೂ ಶಿಕ್ಷಕರನ್ನೂ ಒಟ್ಟಿಗೆ ಕೂರಿಸುವುದು ಇಬ್ಬರ ಜೊತೆಗೂ ಬೇರೆಬೇರೆಯಾಗಿ ಮಾತಾಡಿದ ನಂತರವೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಬೇಕೆನ್ನಿಸಿದರೆ ಒಬ್ಬರೇ ಬರಲಿ, ಸಮಿತಿಯೆಲ್ಲ ಬೇಡ. ಇಬ್ಬರೂ ಒಪ್ಪುವ ಸಂಗತಿಯಿಂದ ಮಾತನ್ನು ಶುರುಮಾಡಬೇಕು. ಕ್ಷಮೆ ಕೇಳಿಸುವ ಹಟಕ್ಕೆ ಹೋಗಬಾರದು: ಬಲವಂತದ ಕ್ಷಮೆಯಿಂದ ಪೋಷಕರಿಗೆ ಆ ಹೊತ್ತಿನ ಸಮಾಧಾನ ಸಿಗುತ್ತದೆ, ಅದರ ಸಾಲವನ್ನು ತರಗತಿಯಲ್ಲಿ ಮಗು ತೀರಿಸಬೇಕಾಗುತ್ತದೆ. ಅದಕ್ಕಿಂತ, ಮುಂದಿನ ಸೋಮವಾರದಿಂದ ಏನು ಬದಲಾಗುತ್ತದೆ ಎಂಬುದನ್ನು ಎರಡು ಸಾಲಿನಲ್ಲಿ ಬರೆದು ಇಬ್ಬರ ಸಹಿ ಪಡೆಯುವುದು ಉಪಯುಕ್ತ.

ನಂತರ ಪೋಷಕರಿಗೆ ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಡಬೇಕು: ದೂರು ಏನಿತ್ತು, ಏನು ಕಂಡುಬಂತು, ಏನು ಕ್ರಮವಾಯಿತು. ಅವರಿಗೆ ತೃಪ್ತಿಯಾಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿಂದ ಹಾಸನದ ಉಪನಿರ್ದೇಶಕರ ಕಚೇರಿಗೆ ಹೋಗಬಹುದೆಂದು ಅದರಲ್ಲೇ ಬರೆದಿರಲಿ. ಖಾಸಗಿ ಶಾಲೆಯಾದರೆ ಮೊದಲು ಆಡಳಿತ ಮಂಡಳಿ. ಮೇಲಕ್ಕೆ ಹೋಗುವವರನ್ನು ತಡೆದರೆ ಅವರು ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಾರೆ, ಆಗ 30 ದಿನದೊಳಗೆ ಇದೇ ಕಡತವನ್ನು ಹುಡುಕಿ ಕೊಡಬೇಕಾಗುತ್ತದೆ.

ದೂರು ಇತ್ಯರ್ಥವಾದ ಎರಡು ಮೂರು ವಾರಗಳ ನಂತರ, ಬೇರೊಬ್ಬ ಶಿಕ್ಷಕರ ಮೂಲಕ, ಆ ಮಗು ತರಗತಿಯಲ್ಲಿ ಹೇಗಿದೆ ಎಂದು ವಿಚಾರಿಸಬೇಕು. ಪ್ರಶ್ನೆ ಕೇಳುವುದನ್ನೇ ನಿಲ್ಲಿಸುವುದು, ನೋಟ್‌ಬುಕ್ ತಿದ್ದದೆ ಬದಿಗಿಡುವುದು, "ನಿನಗೇನಪ್ಪ, ನಿಮ್ಮಪ್ಪ ದೂರು ಕೊಡ್ತಾರೆ" ಎಂದು ಎಲ್ಲರೆದುರು ನಗುವುದು, ಇವೆಲ್ಲ ಯಾವ ವಹಿಯಲ್ಲೂ ದಾಖಲಾಗದ ಸೇಡು. ಹಾಗೆ ಕಂಡುಬಂದರೆ ಅದನ್ನು ಹಳೆಯ ದೂರಿನ ಮುಂದುವರಿಕೆಯೆಂದು ಭಾವಿಸದೆ ಹೊಸ ದೂರಾಗಿಯೇ ದಾಖಲಿಸಬೇಕು, ಮತ್ತು ಈ ಸಲ ಮುಖ್ಯ ಶಿಕ್ಷಕರೇ ದೂರುದಾರರಾಗಿ ಸಹಿ ಹಾಕಬೇಕು.