ಬಾರ್ಥೊಲೊಮ್ಯೂ ಕೌಂಟಿಗೆ ಹೊಸಬರಾ? ಯಾವ ಕೆಲಸಕ್ಕೆ ಯಾವ ಕಚೇರಿ

ಎಂಜಿನ್ ತಯಾರಿಸುವ ಕಮ್ಮಿನ್ಸ್ ಕಂಪನಿಯ ಕೆಲಸಕ್ಕೆಂದು ಇಂಡಿಯಾನಾ ರಾಜ್ಯದ ಈ ಕೌಂಟಿಯಲ್ಲಿರುವ ಕೊಲಂಬಸ್‌ಗೆ ಬಂದವರೆಲ್ಲ ಒಮ್ಮೆಯಾದರೂ ಕೋರ್ಟ್‌ಹೌಸ್ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರುತ್ತೀರಿ. 1874ರ ಇಟ್ಟಿಗೆ ಕಟ್ಟಡ, ಮೇಲೆ ಗಡಿಯಾರದ ಗೋಪುರ. ಪಕ್ಕದ ಹುಲ್ಲಿನಲ್ಲಿ ಎತ್ತರದ 25 ಕಲ್ಲಿನ ಕಂಬಗಳಿವೆ, ಯುದ್ಧದಲ್ಲಿ ತೀರಿಕೊಂಡ ಇಲ್ಲಿನವರ ನೆನಪಿಗೆ. ಒಳಗಿನ ಕಂಬಗಳ ಮೇಲೆ ಸೈನಿಕರು ಮನೆಗೆ ಬರೆದ ಪತ್ರಗಳನ್ನೇ ಕೆತ್ತಿದ್ದಾರೆ. ಮಕ್ಕಳ ಜೊತೆ ನಿಧಾನವಾಗಿ ಓದಿ.

ಇಲ್ಲಿ ಸಿಟಿ ಬೇರೆ, ಕೌಂಟಿ ಬೇರೆ. ಕೌಂಟಿ ಅಂದರೆ ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ. ಮೇಯರ್ ಇರುವುದು ಸಿಟಿಗೆ. ಕೌಂಟಿ ನಡೆಸುವುದು ಮೂವರು ಕಮಿಷನರುಗಳು, ದುಡ್ಡಿನ ವಿಷಯ ನೋಡುವುದು ಏಳು ಜನರ ಕೌಂಟಿ ಕೌನ್ಸಿಲ್.

ಮನೆ ಕೊಂಡವರು ಮರೆಯಲೇಬಾರದ ಹೆಸರು ಆಡಿಟರ್. ಲೆಕ್ಕ ತಪಾಸಣೆಯವರು ಅಂದುಕೊಳ್ಳಬೇಡಿ. ನಮ್ಮ ಕಡೆಯ ಖಾತೆ ಬದಲಾವಣೆ ಇದ್ದ ಹಾಗೆ, ಮನೆ ನಿಮ್ಮ ಹೆಸರಿಗೆ ಬಂದದ್ದು ಇಲ್ಲಿ ದಾಖಲಾಗುತ್ತದೆ. ಮನೆಯ ಕ್ರಯಪತ್ರ ನೋಂದಾಯಿಸುವುದು ರೆಕಾರ್ಡರ್. ನೀವೇ ವಾಸವಿರುವ ಮನೆಗೆ ಹೋಮ್‌ಸ್ಟೆಡ್ ರಿಯಾಯಿತಿ ಕೇಳಬೇಕಾದದ್ದು ಆಡಿಟರ್ ಹತ್ತಿರವೇ. ಅದಿದ್ದರೆ ಆಸ್ತಿ ತೆರಿಗೆ ಸಾಮಾನ್ಯವಾಗಿ ಮನೆಯ ಬೆಲೆಯ ಶೇಕಡಾ 1 ದಾಟುವುದಿಲ್ಲ. ಇಲ್ಲದಿದ್ದರೆ ಮಿತಿ ಶೇಕಡಾ 2. ಕ್ಲೋಸಿಂಗ್ ದಿನದ, ಅಂದರೆ ಸಹಿ ಹಾಕಿ ಮನೆ ಕೊಳ್ಳುವ ದಿನದ, ಕಾಗದಗಳಲ್ಲೇ ಅದು ಸೇರಿರಬಹುದು, ಆದರೂ ಸುಮ್ನೆ ನಂಬಬೇಡಿ. ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ತೆರಿಗೆ ಕಟ್ಟುವುದು ಟ್ರೆಜರರ್‌ಗೆ, ಮೇ 10 ಮತ್ತು ನವೆಂಬರ್ 10ಕ್ಕೆ, ಎರಡು ಕಂತು. ಈ ಮೂರೂ ಕಚೇರಿ ಕೋರ್ಟ್‌ಹೌಸಿನಲ್ಲಿಲ್ಲ, ಥರ್ಡ್ ಸ್ಟ್ರೀಟಿನ ಕೌಂಟಿ ಕಟ್ಟಡದಲ್ಲಿವೆ.

ಮದುವೆ ಲೈಸೆನ್ಸ್ ಕೊಡುವುದು ಕೌಂಟಿಯ ಕ್ಲರ್ಕ್ ಕಚೇರಿ. ಅದು 60 ದಿನ ಮಾತ್ರ ನಡೆಯುತ್ತದೆ, ಮುಹೂರ್ತ ನೋಡಿಕೊಂಡು ತೆಗೆದುಕೊಳ್ಳಿ. ಇಲ್ಲಿ ಹುಟ್ಟಿದ ಮಗುವಿನ ಜನನ ಪ್ರಮಾಣಪತ್ರ ಕೌಂಟಿ ಹೆಲ್ತ್ ಡಿಪಾರ್ಟ್‌ಮೆಂಟಿನಲ್ಲಿ ಸಿಗುತ್ತದೆ. ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೂ ಬೇಕಾಗುತ್ತದೆ, ಒಂದೆರಡು ಪ್ರತಿ ಜಾಸ್ತಿಯೇ ಇರಲಿ.

ಒಂದು ದಿನ ಜ್ಯೂರಿ ಡ್ಯೂಟಿ ಕಾಗದ ಬರಬಹುದು, ಅಂದರೆ ಕೋರ್ಟಿನಲ್ಲಿ ಕೂತು ಮೊಕದ್ದಮೆಯ ತೀರ್ಪು ಹೇಳಲು ಸಾಮಾನ್ಯ ಪ್ರಜೆಗಳಿಗೆ ಬರುವ ಕರೆ. ಹೆದರಬೇಡಿ, ಕಸಕ್ಕೂ ಹಾಕಬೇಡಿ. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿದ್ದರೆ "ನಾನು ಪ್ರಜೆಯಲ್ಲ" ಎಂದು ಗುರುತು ಹಾಕಿ ವಾಪಸ್ ಕಳಿಸಿ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರಾಗಿ ಸೇರುತ್ತೀರಾ ಅಂತ ಕೇಳಿದರೂ ಇಲ್ಲ ಅನ್ನಿ. ಬಾಯಿತಪ್ಪಿ ಹೂಂ ಅಂದದ್ದು ಮುಂದೆ ಇಮಿಗ್ರೇಷನ್‌ಗೆ ದೊಡ್ಡ ತೊಡಕಾಗುತ್ತದೆ.

ಊರು ದಾಟಿದರೆ ಮೆಕ್ಕೆಜೋಳ, ಸೋಯಾ ಹೊಲಗಳೇ. ರಸ್ತೆಗೆ ಹೆಸರಿಲ್ಲ, ನಂಬರ್ ಇದೆ. ನೂರಕ್ಕೆ ಒಂದು ಮೈಲಿ ಅಂತ ಲೆಕ್ಕ. "450 ನಾರ್ತ್" ಅಂದರೆ ಕೌಂಟಿಯ ಸೊನ್ನೆ ಗೆರೆಯಿಂದ ಉತ್ತರಕ್ಕೆ ನಾಲ್ಕೂವರೆ ಮೈಲಿ. ಫೋನಿಗೆ ಸಿಗ್ನಲ್ ಸಿಗದ ಕಡೆ ಇದೊಂದೇ ದಾರಿ ತೋರಿಸುತ್ತದೆ.

ಮನೆ ನೋಡುವಾಗ ನದಿ ಎಲ್ಲಿದೆ ಅಂತಲೂ ನೋಡಿ. ಡ್ರಿಫ್ಟ್‌ವುಡ್, ಫ್ಲ್ಯಾಟ್‌ರಾಕ್ ನದಿಗಳು ಊರಿನಲ್ಲೇ ಕೂಡುತ್ತವೆ, ಹಾ ಕ್ರೀಕ್ ಹಳ್ಳವೂ ಊರೊಳಗೇ ಹರಿಯುತ್ತದೆ. 2008ರ ಜೂನ್‌ನಲ್ಲಿ ನೀರು ಆಸ್ಪತ್ರೆಯೊಳಗೇ ನುಗ್ಗಿ ರೋಗಿಗಳನ್ನು ಸಾಗಿಸಬೇಕಾಯಿತು. ಮಾಮೂಲಿ ಮನೆ ಇನ್ಶೂರೆನ್ಸ್‌ನಲ್ಲಿ ಪ್ರವಾಹ ಸೇರುವುದಿಲ್ಲ, ಅದನ್ನು ಬೇರೆಯಾಗಿ ಮಾಡಿಸಬೇಕು. ಅಡ್ವಾನ್ಸ್ ಕೊಡುವ ಮೊದಲೇ ಫ್ಲಡ್ ಮ್ಯಾಪ್ ತೆಗೆದು ನೋಡಿ.