ಕಂಟೇನರ್ ಮೂಲೆಯ ಕಟಕಟ ನಿಂತದ್ದು ಹೀಗೆ

ಟ್ರೇಲರ್ ಮೇಲೆ 20 ಅಡಿಯ ಖಾಲಿ ಕಂಟೇನರ್. ಹಂಪ್ ಬಂದಾಗೆಲ್ಲ ಹಿಂದಿನ ಎಡ ಮೂಲೆ ಎದ್ದು ಕಟಕಟ ಅನ್ನುತ್ತಿತ್ತು. ಟ್ವಿಸ್ಟ್ ಲಾಕ್ (ಟ್ರೇಲರಿನಿಂದ ಕಂಟೇನರ್ ಮೂಲೆಯ ತೂತಿನೊಳಗೆ ಹೋಗಿ, ತಲೆ ತಿರುಗಿಸಿದಾಗ ಹಿಡಿದುಕೊಳ್ಳುವ ಲಾಕ್) ಸರಿಯಾಗಿ ಬಿದ್ದಿದೆ ಅಂತಲೇ ಅಂದುಕೊಂಡಿದ್ದೆ.

ಚೈನ್ ಬಿಗಿದೆ, ಮರದ ತುಂಡು ತುರುಕಿದೆ, ಗ್ರೀಸ್ ಹಚ್ಚಿದೆ. ಎಲ್ಲಾ ಸುಮ್ನೆ.

ತೊಂದರೆ ಇದ್ದದ್ದು ಕಂಟೇನರ್ ಮೂಲೆಯ ತೂತಿನೊಳಗೆ. ಒಣಮಣ್ಣು ಗಟ್ಟಿಯಾಗಿ ಕೂತಿತ್ತು. ಲಾಕಿನ ತಲೆ ಅದಕ್ಕೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು, ಕುಲುಕಾಟಕ್ಕೆ ವಾಪಸ್ ತಿರುಗುತ್ತಿತ್ತು.

ಸಮತಟ್ಟು ಜಾಗದಲ್ಲಿ ಕಂಟೇನರನ್ನು ಕ್ರೇನಿನಿಂದ ಪಕ್ಕಕ್ಕೆ ಇಳಿಸಿದೆ. ತೂಗುತ್ತಿರುವಾಗ ಅದರ ಕೆಳಗೆ ಕೈ ಹಾಕಲೇಬೇಡಿ. ನಾಲ್ಕೂ ತೂತುಗಳ ಮಣ್ಣನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆದೆ. ಮತ್ತೆ ಟ್ರೇಲರ್ ಮೇಲೆ ಕೂರಿಸಿ, ನಾಲ್ಕೂ ಮೂಲೆ ಪೂರ್ತಿ ಕೂತ ಮೇಲಷ್ಟೇ ಲಾಕ್‌ಗಳನ್ನು 90 ಡಿಗ್ರಿ ತಿರುಗಿಸಿದೆ. ಲಾಕಿನ ಹಿಡಿ ತಿರುಗಿತು ಅಂತ ನಂಬಬೇಡಿ. ಮೂಲೆಯ ಪಕ್ಕದ ತೂತಿಗೆ ಟಾರ್ಚ್ ಬಿಟ್ಟರೆ, ತಲೆ ಅಡ್ಡ ನಿಂತಿದೆಯಾ ಅಂತ ಕಾಣುತ್ತದೆ. ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ನೋಡಿದೆ. ಅಲುಗಾಡಿರಲಿಲ್ಲ.